ನೂರು ಮೂಟೆ ಅಕ್ಕಿಯ ಲೆಕ್ಕ

ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಕೊಟ್ಟ ಮಾರನೆಯ ದಿನ ಶಾಲೆಗೆ ಪೋಷಕರ ದಂಡೇ ಬರುತ್ತದೆ. ಕಳೆದ ವರ್ಷ ಹಾಗೆ ಬಂದವರಲ್ಲಿ ಪೇಟೆಬೀದಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಒಬ್ಬರಿದ್ದರು. ಹತ್ತನೆಯ ತರಗತಿಯ ಮಗನನ್ನು ರಟ್ಟೆ ಹಿಡಿದು ಕರೆತಂದಿದ್ದರು.

‘ಮೇಷ್ಟ್ರೇ, ನೀವೇ ಇವನಿಗೆ ಬುದ್ಧಿ ಹೇಳಬೇಕು. ಓದಲಿ ಅಂತ ಕಂಪ್ಯೂಟರ್ ತೆಗೆಸಿಕೊಟ್ಟೆ. ಇವನು ರಾತ್ರಿ ಹನ್ನೊಂದರವರೆಗೂ ಅದರಲ್ಲಿ ಜಪಾನಿನವರನ್ನು ಹೊಡೆದಾಡಿಸಿಕೊಂಡು ಕೂತಿರ್ತಾನೆ. ಈ ಭಾನುವಾರ ಅದನ್ನು ಮಾರಿಬಿಡ್ತೀನಿ.’

ಹುಡುಗ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಾ ನಿಂತಿದ್ದ. ‘ಯಾವ ಜಪಾನಿನವರೋ?’ ಎಂದು ಕೇಳಿದೆ.

‘ನಾಗಾವೊಕಾದವರು ಸಾರ್. 1864ರಿಂದ ಆಟ ಶುರು. ಕಾರ್ಖಾನೆ ಕಟ್ಟಿದರೆ, ರೈಲು ಹಾಕಿದರೆ ಸಮುರಾಯಿಗಳಿಗೆ ಸಿಟ್ಟು ಬರುತ್ತೆ. ದಂಗೆ ಏಳ್ತಾರೆ. ಕಟ್ಟದಿದ್ದರೆ ಪಕ್ಕದವರು ಬಂದು ಹೊಡೀತಾರೆ. ಅದೇ ಸಾರ್ ತೊಂದರೆ.’

ಸಮಾಜ ಪತ್ರಿಕೆಯಲ್ಲಿ 1857ರ ದಂಗೆಗೆ ಎರಡು ಕಾರಣ ಬರೆಯಲಾಗದೆ ಜಾಗ ಖಾಲಿ ಬಿಟ್ಟು ಬಂದಿದ್ದ ಹುಡುಗ ಇವನೇ! ಅಂಥವನು ಜಪಾನಿನ ದಂಗೆಗೆ ನಿಂತ ಕಾಲಲ್ಲಿ ಕಾರಣ ಹೇಳುತ್ತಿದ್ದಾನೆ. ನನಗೆ ಕುತೂಹಲವಾಯಿತು. ‘ಈ ಭಾನುವಾರ ಮಾರಬೇಡಿ. ನಾನೊಮ್ಮೆ ನೋಡಬೇಕು’ ಎಂದು ತಂದೆಗೆ ಹೇಳಿ ಕಳಿಸಿದೆ.

ಹೀಗೆ, ನಿವೃತ್ತಿಗೆ ಕೆಲವೇ ವರ್ಷ ಉಳಿದಿರುವ ಈ ವಿಜ್ಞಾನದ ಮೇಷ್ಟ್ರು ಒಂದು ಭಾನುವಾರ ಕಂಪ್ಯೂಟರ್ ಆಟದ ಮುಂದೆ ಕುರ್ಚಿ ಹಾಕಿಕೊಂಡು ಕುಳಿತದ್ದಾಯಿತು.

ಆಟದೊಳಗಿನ ಜಪಾನ್

ಆಟದ ಹೆಸರು ‘ಫಾಲ್ ಆಫ್ ದಿ ಸಮುರಾಯ್’, ಅಂದರೆ ಸಮುರಾಯಿಗಳ ಪತನ. ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಎಂಬ ಕಂಪನಿ ತಯಾರಿಸಿ 2012ರಲ್ಲಿ ಬಿಡುಗಡೆಯಾದದ್ದು. ಕತೆ ನಡೆಯುವುದು 1860ರ ದಶಕದಲ್ಲಿ. ಆಗ ಜಪಾನಿನಲ್ಲಿ ಚಕ್ರವರ್ತಿ ಇದ್ದರೂ ಆಡಳಿತವೆಲ್ಲ ಟೊಕುಗಾವಾ ಮನೆತನದ ಷೋಗುನ್ ಕೈಯಲ್ಲಿತ್ತು. ಅವನ ಕೆಳಗೆ ಸುಮಾರು 260 ಸಂಸ್ಥಾನಗಳು. ಒಂದೊಂದಕ್ಕೂ ದೈಮ್ಯೋ ಎಂಬ ಒಡೆಯ. ನಮ್ಮ ಪಾಳೆಯಗಾರರನ್ನು ನೆನಪಿಗೆ ತಂದುಕೊಂಡರೆ ಅರ್ಧ ಅರ್ಥವಾದಂತೆ. ದೈಮ್ಯೋಗಳ ಕೈಕೆಳಗೆ ಅಕ್ಕಿಯ ರೂಪದಲ್ಲಿ ಸಂಬಳ ಪಡೆಯುವ, ಸೊಂಟಕ್ಕೆ ಎರಡು ಕತ್ತಿ ಕಟ್ಟಿದ ಸಮುರಾಯಿಗಳು.

ಎರಡು ಶತಮಾನಕ್ಕೂ ಹೆಚ್ಚು ಕಾಲ ಹೊರಜಗತ್ತಿಗೆ ಬಾಗಿಲು ಹಾಕಿಕೊಂಡಿದ್ದ ಈ ದೇಶದ ಎದುರು 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ಉಗಿಹಡಗುಗಳೊಂದಿಗೆ ಬಂದು ನಿಂತ. ಬಾಗಿಲು ತೆರೆಯದೆ ಗತಿಯಿರಲಿಲ್ಲ. ತೆರೆದ ಮೇಲೆ ಮನೆಯೊಳಗೇ ಜಗಳ ಹತ್ತಿತು. ಸತ್ಸುಮಾ, ಚೋಷು, ತೋಸಾ ಸಂಸ್ಥಾನಗಳು ಚಕ್ರವರ್ತಿಯ ಪಕ್ಷ. ಐಜು, ನಾಗಾವೊಕಾ, ಜೋಜಾಯಿ ಷೋಗುನ್ ಪಕ್ಷ. ಆಟದಲ್ಲಿ ಇವುಗಳಲ್ಲೊಂದನ್ನು ಆರಿಸಿಕೊಂಡು ನೀವೇ ದೈಮ್ಯೋ ಆಗಬೇಕು. ತೆರಿಗೆ ಎತ್ತಬೇಕು, ರಸ್ತೆ, ಬಂದರು, ಬಂದೂಕಿನ ಕಾರ್ಖಾನೆ ಕಟ್ಟಬೇಕು. ಕಟ್ಟಿದಷ್ಟೂ ಸಂಸ್ಥಾನ ಆಧುನಿಕವಾಗುತ್ತದೆ. ಆಧುನಿಕವಾದಷ್ಟೂ ಹಳಬರ ಅಸಮಾಧಾನ ಏರುತ್ತದೆ.

ನಿಜ ಹೇಳಬೇಕೆಂದರೆ ಆಟ ನನಗೆ ಹಿಡಿಸಿತು. ಆಧುನಿಕತೆಗೆ ಬೆಲೆ ತೆರಬೇಕು ಎಂಬುದನ್ನು ಅದು ಮರೆಮಾಚಿಲ್ಲ. ಆದರೆ ಒಂದು ಸಂಗತಿ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತು. ಹುಡುಗ ಫಿರಂಗಿ ಕಾರ್ಖಾನೆಯ ಚಿತ್ರದ ಮೇಲೆ ಒಮ್ಮೆ ಒತ್ತಿದ. ಖಜಾನೆಯಿಂದ ಹಣ ಹೋಯಿತು. ಕೆಲವು ಸರದಿ ಕಳೆಯಿತು. ಕಾರ್ಖಾನೆ ಸಿದ್ಧ!

ಅದನ್ನು ಕಟ್ಟಿದವರು ಯಾರು? ಅವರಿಗೆ ಕಲಿಸಿದವರು ಯಾರು?

ಕುಲುಮೆ ಕಲಿಸಿದ ಪಾಠ

ಸಾಗಾ ಎಂಬ ಸಂಸ್ಥಾನದ ಕತೆ ಕೇಳಿ. ನಾಗಸಾಕಿ ಬಂದರಿನ ಕಾವಲು ಇವರ ಪಾಲಿಗೂ ಇತ್ತು. 1808ರಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದು ಡಚ್ ಬಾವುಟ ಹಾರಿಸಿ ಬಂದರಿಗೆ ನುಗ್ಗಿದಾಗ ಸಾಗಾದವರು ಏನೂ ಮಾಡಲಾಗದೆ ಅವಮಾನ ಅನುಭವಿಸಿದ್ದರು. ಹಳೆಯ ಕಂಚಿನ ಫಿರಂಗಿಗಳಿಂದ ಇನ್ನು ನಡೆಯದು, ದೊಡ್ಡ ಕಬ್ಬಿಣದ ಫಿರಂಗಿಗಳು ಬೇಕು ಎಂದು ಮುಂದಿನ ದೈಮ್ಯೋ ನಬೇಶಿಮಾ ನವೋಮಸಾ ತೀರ್ಮಾನಿಸಿದ.

ಎರಕ ಹೊಯ್ಯಬೇಕಾದರೆ ಟನ್‌ಗಟ್ಟಲೆ ಕಬ್ಬಿಣ ಒಮ್ಮೆಗೇ ಕರಗಬೇಕು. ಅದಕ್ಕೆ ಬೇಕಾದದ್ದು ವಿಶೇಷ ಕುಲುಮೆ. ಇದರಲ್ಲಿ ಬೆಂಕಿ ಒಂದು ಕಡೆ, ಕಬ್ಬಿಣ ಇನ್ನೊಂದು ಕಡೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಎತ್ತರದ ಚಿಮಣಿ ಗಾಳಿಯನ್ನು ಎಳೆಯುತ್ತದೆ. ಜ್ವಾಲೆ ಬಾಗಿದ ಚಾವಣಿಯನ್ನು ಸವರಿಕೊಂಡು ಹೋಗುತ್ತದೆ. ಚಾವಣಿ ನಿಗಿನಿಗಿ ಕಾದು ಆ ಶಾಖವನ್ನು ಕೆಳಗಿನ ಕಬ್ಬಿಣದ ಮೇಲೆ ಸುರಿಯುತ್ತದೆ. ಹತ್ತನೆಯ ತರಗತಿಯವರು ಬಾಗಿದ ಕನ್ನಡಿಯ ಪಾಠವನ್ನೂ ಅದಕ್ಕೂ ಮೊದಲು ಓದಿದ ಶಾಖ ವಿಕಿರಣದ ಪಾಠವನ್ನೂ ಜೋಡಿಸಿಕೊಂಡರೆ ಇದು ಹೊಳೆಯುತ್ತದೆ.

ಸಾಗಾದವರ ಬಳಿ ಇದ್ದದ್ದು ಒಂದು ಪುಸ್ತಕ ಮಾತ್ರ. ಲೀಜ್ ನಗರದ ಫಿರಂಗಿ ಕಾರ್ಖಾನೆಯ ಬಗ್ಗೆ ಡಚ್ ಸೇನಾಧಿಕಾರಿಯೊಬ್ಬ 1826ರಲ್ಲಿ ಬರೆದದ್ದು. ಅದನ್ನು ಜಪಾನಿ ಭಾಷೆಗೆ ತಿರುಗಿಸಿದರು. ಇಂಥ ಕುಲುಮೆಯನ್ನು ಕಣ್ಣಾರೆ ಕಂಡವರು ಅವರಲ್ಲಿ ಒಬ್ಬರೂ ಇರಲಿಲ್ಲ. 1850ರಲ್ಲಿ, ಅಂದರೆ ಪೆರಿ ಬರುವ ಮೂರು ವರ್ಷ ಮೊದಲೇ, ಕುಲುಮೆ ಕಟ್ಟಿದರು. ಕಬ್ಬಿಣ ಸರಿಯಾಗಿ ಕರಗಲಿಲ್ಲ. ಎರಕ ಕೆಟ್ಟಿತು. ಮತ್ತೆ ಕಟ್ಟಿದರು, ಮತ್ತೆ ಕೆಟ್ಟಿತು. ಎಷ್ಟೋ ಸೋಲುಗಳ ನಂತರ ಗೆದ್ದರು. ಪೆರಿ ಬಂದು ಹೋದ ಮೇಲೆ ಷೋಗುನ್ ಸರ್ಕಾರವೇ ರಾಜಧಾನಿಯ ರಕ್ಷಣೆಗೆ ಫಿರಂಗಿಗಳು ಬೇಕೆಂದು ಸಾಗಾದ ಬಾಗಿಲಿಗೆ ಬಂತು.

ಸಾಗಾದವರು ಆ ಅನುವಾದವನ್ನು ಸತ್ಸುಮಾ ಸಂಸ್ಥಾನಕ್ಕೂ ಕೊಟ್ಟರು. ಅಲ್ಲಿ ಕಟ್ಟಿದ ಮೊದಲ ಕುಲುಮೆ ಬುನಾದಿ ಸಾಲದೆ ವಾಲಿತು. ಶಾಖಕ್ಕೆ ಇಟ್ಟಿಗೆಗಳೂ ತಡೆಯಲಿಲ್ಲ. ಸತ್ಸುಮಾದ ದೈಮ್ಯೋ ಶಿಮಾಜು ನರಿಯಾಕಿರಾ ಎದೆಗುಂದಲಿಲ್ಲ. ಪಶ್ಚಿಮದವರೂ ಮನುಷ್ಯರೇ, ಸಾಗಾದವರೂ ಮನುಷ್ಯರೇ, ನಾವೂ ಮನುಷ್ಯರೇ ಅಲ್ಲವೇ ಎಂದು ತನ್ನವರಿಗೆ ಧೈರ್ಯ ತುಂಬಿದನಂತೆ. ಕೊನೆಗೆ ಕೈ ಹಿಡಿದದ್ದು ಆ ನಾಡಿನ ಕುಂಬಾರರು. ತಲೆಮಾರುಗಳಿಂದ ಪಿಂಗಾಣಿ ಸುಟ್ಟು ಪಳಗಿದ್ದ ಅವರ ಕೈಚಳಕದಿಂದ ಶಾಖ ತಡೆಯುವ ಇಟ್ಟಿಗೆ ಸಿದ್ಧವಾಯಿತು. 1857ರಲ್ಲಿ ಎರಡನೆಯ ಕುಲುಮೆ ನಿಂತಿತು.

ಸಾಗಾದಲ್ಲಿ ಕೆಲಸ ಮಾಡಿದವರಲ್ಲಿ ತನಾಕಾ ಹಿಸಾಶಿಗೆ ಎಂಬಾತನೂ ಒಬ್ಬ. ಇವನ ಮೊದಲ ಕಸುಬು ಕೀಲಿ ಕೊಟ್ಟರೆ ಕುಣಿಯುವ ಬೊಂಬೆ ತಯಾರಿಸುವುದು! 1855ರಲ್ಲಿ ಅವನೂ ಜೊತೆಗಾರರೂ ಸೇರಿ ಉಗಿಬಂಡಿಯ ಮಾದರಿಯೊಂದನ್ನು ಓಡಿಸಿದರು. 1875ರಲ್ಲಿ ಅವನು ಟೋಕಿಯೋದಲ್ಲಿ ತೆರೆದ ಕಾರ್ಖಾನೆಯೇ ಮುಂದೆ ಬೆಳೆದು ತೋಷಿಬಾ ಕಂಪನಿಯ ಒಂದು ಬೇರಾಯಿತು. ಆಟಿಕೆ ಹಿಡಿದವರೆಲ್ಲ ಹಾಳಾಗುತ್ತಾರೆ ಎನ್ನುವ ಪೋಷಕರು ಇದನ್ನು ಗಮನಿಸಬೇಕು. ಆಟಿಕೆ ಹಿಡಿದವರೆಲ್ಲ ತನಾಕಾ ಆಗುತ್ತಾರೆ ಎಂದುಕೊಳ್ಳುವ ಮಕ್ಕಳೂ ಗಮನಿಸಬೇಕು: ಆತ ಆಟಿಕೆಯನ್ನು ಆಡಲಿಲ್ಲ, ಮಾಡಿದ.

ಕದ್ದು ಓಡಿದ ವಿದ್ಯಾರ್ಥಿಗಳು

ಎರಡನೆಯ ಪಿಯುಸಿ ರಸಾಯನಶಾಸ್ತ್ರ ಓದಿದವರಿಗೆ ‘ವಿಲಿಯಮ್ಸನ್ ಈಥರ್ ಸಂಶ್ಲೇಷಣೆ’ ಗೊತ್ತಿರಬೇಕು. ಪರೀಕ್ಷೆಗೆ ಆಗಾಗ ಬರುವ ಪ್ರಶ್ನೆ. ಆ ಅಲೆಕ್ಸಾಂಡರ್ ವಿಲಿಯಮ್ಸನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. 1863ರಲ್ಲಿ ಅವರ ಬಳಿ ಕಲಿಯಲು ಜಪಾನಿನ ಚೋಷು ಸಂಸ್ಥಾನದ ಐವರು ತರುಣರು ಬಂದರು. ಸಮುದ್ರ ದಾಟುವುದು ಆಗ ಅವರ ದೇಶದಲ್ಲಿ ಮರಣದಂಡನೆಯ ಅಪರಾಧ. ಜುಟ್ಟು ಕತ್ತರಿಸಿ, ಪಾಶ್ಚಾತ್ಯ ಉಡುಪು ತೊಟ್ಟು, ಕದ್ದು ಹಡಗು ಹತ್ತಿದ್ದರು.

ದಾರಿಯಲ್ಲಿ ಶಾಂಘೈಯಲ್ಲಿ, ‘ನೀವು ಕಲಿಯಬೇಕಾದದ್ದೇನು?’ ಎಂದು ಕೇಳಿದಾಗ ಒಬ್ಬಾತ ತನಗೆ ಬರುತ್ತಿದ್ದ ಒಂದೇ ಇಂಗ್ಲಿಷ್ ಪದ ಹೇಳಿದನಂತೆ: ‘ನ್ಯಾವಿಗೇಷನ್’. ನೌಕಾಪಡೆ ಎನ್ನುವುದು ಅವನ ಮನಸ್ಸಿನಲ್ಲಿದ್ದದ್ದು. ಕೇಳಿದವರಿಗೆ ಅರ್ಥವಾದದ್ದು ಹಡಗು ನಡೆಸುವುದು. ಪರಿಣಾಮ, ಇಬ್ಬರು ಲಂಡನ್ನಿನವರೆಗೂ ಹಡಗಿನ ಖಲಾಸಿಗಳಂತೆ ದುಡಿಯಬೇಕಾಯಿತು! ಆ ಇಬ್ಬರಲ್ಲೊಬ್ಬ ಇತೊ ಹಿರೊಬುಮಿ, 1885ರಲ್ಲಿ ಜಪಾನಿನ ಮೊದಲ ಪ್ರಧಾನಮಂತ್ರಿ. ಐವರಲ್ಲಿ ಇನೊಯೆ ಮಸಾರು ಎಂಬಾತ ಜಪಾನಿನ ರೈಲ್ವೆಯ ಪಿತಾಮಹನೆನಿಸಿದ. ಆಟದಲ್ಲಿ ಒಂದು ಗುಂಡಿ ಒತ್ತಿದರೆ ಹರಡಿಕೊಳ್ಳುವ ರೈಲುಹಳಿಯ ಹಿಂದೆ ಈ ಮನುಷ್ಯ ಇದ್ದಾನೆ. ಟೋಕಿಯೋ ಮತ್ತು ಯೊಕೊಹಾಮಾ ನಡುವೆ ಜಪಾನಿನ ಮೊದಲ ರೈಲು ಮಾರ್ಗ ತೆರೆದದ್ದು 1872ರಲ್ಲಿ.

ಸತ್ಸುಮಾದವರದು ಇನ್ನೊಂದು ದಾರಿ. 1863ರ ಆಗಸ್ಟಿನಲ್ಲಿ ಬ್ರಿಟಿಷ್ ನೌಕೆಗಳು ಅವರ ರಾಜಧಾನಿ ಕಗೋಷಿಮಾದ ಮೇಲೆ ಗುಂಡಿನ ಮಳೆಗರೆದವು. ನರಿಯಾಕಿರಾ ಕಟ್ಟಿಸಿದ್ದ ಕಾರ್ಖಾನೆಗಳು ಸುಟ್ಟುಹೋದವು. ಸೇಡು ತೀರಿಸಿಕೊಳ್ಳುವ ಬದಲು ಅವರು ಎರಡೇ ವರ್ಷದಲ್ಲಿ, ಹೊಡೆದವರ ಊರಿಗೇ ಹತ್ತೊಂಬತ್ತು ಜನರನ್ನು ಕಲಿತು ಬರಲು ಕಳುಹಿಸಿದರು.

ಲಂಡನ್ನಿನಲ್ಲಿ ಒಂದು ಸೊಗಸಾದ ಪ್ರಸಂಗ ನಡೆಯಿತು. 1864ರಲ್ಲಿ ಸತ್ಸುಮಾ ಮತ್ತು ಚೋಷು ಪಡೆಗಳು ಕ್ಯೋಟೋ ನಗರದಲ್ಲಿ ಪರಸ್ಪರ ಕೊಂದಾಡಿದ್ದವು. ಆ ರಕ್ತ ಇನ್ನೂ ಆರಿರಲಿಲ್ಲ. ಆದರೂ ಚೋಷುವಿನ ಯಾಮಾವೊ ಯೋಜೋಗೆ ಹಡಗು ಕಟ್ಟುವ ವಿದ್ಯೆ ಕಲಿಯಲು ಗ್ಲಾಸ್ಗೋಗೆ ಹೋಗುವಷ್ಟು ಹಣವಿಲ್ಲದಾಗ ಸತ್ಸುಮಾದ ಹುಡುಗರು ಚಂದಾ ಕೂಡಿಸಿ ಕೊಟ್ಟರು. ಮರಳಿ ಬಂದ ಯಾಮಾವೊ ಜಪಾನಿನ ಮೊದಲ ಇಂಜಿನಿಯರಿಂಗ್ ಕಾಲೇಜಿಗಾಗಿ ದುಡಿದ. 1866ರಲ್ಲಿ ಎರಡು ಸಂಸ್ಥಾನಗಳೂ ಕೈ ಜೋಡಿಸಿದವು. 1868ರ ಜನವರಿಯಲ್ಲಿ ಕ್ಯೋಟೋ ಹತ್ತಿರ ತಮಗಿಂತ ಬಹಳ ದೊಡ್ಡದಾದ ಷೋಗುನ್ ಸೇನೆಯನ್ನು ಸೋಲಿಸಿದವು. ಷೋಗುನ್ ಬಳಿಯೂ ಹೊಸ ಬಂದೂಕುಗಳಿದ್ದವು, ಫ್ರೆಂಚರಿಂದ ತರಬೇತಾದ ಪಡೆಯೂ ಇತ್ತು ಎಂಬುದನ್ನು ಮರೆಯಬಾರದು.

ಹೊಗೆ ಕಂಡ ಹುಡುಗರು

ಯುದ್ಧ ಅಲ್ಲಿಂದ ಉತ್ತರಕ್ಕೆ ಹರಿದು ಐಜು ಸಂಸ್ಥಾನವನ್ನು ಮುತ್ತಿತು. ಐಜುವಿನದು ಹೆಸರಾಂತ ಶಾಲೆ. ಆಕಾಶ ವೀಕ್ಷಣೆಗೆಂದೇ ಕಟ್ಟೆ ಕಟ್ಟಿದ್ದ ಶಾಲೆ ಅದು. ಅಲ್ಲಿನ ಹದಿನಾರು, ಹದಿನೇಳು ವರ್ಷದ ಹುಡುಗರ ಕೈಗೂ ಕೋವಿ ಬಂತು. ಸೋತು ಹಿಮ್ಮೆಟ್ಟಿದ ಇಪ್ಪತ್ತು ಹುಡುಗರು ಇಮೋರಿ ಎಂಬ ಗುಡ್ಡ ಹತ್ತಿ ನೋಡಿದರೆ ಊರಿನಿಂದ ದಟ್ಟ ಹೊಗೆ ಏಳುತ್ತಿತ್ತು. ಕೋಟೆ ಬಿತ್ತು, ಒಡೆಯ ಸತ್ತ ಎಂದುಕೊಂಡು ಅವರು ಅಲ್ಲೇ ಪ್ರಾಣ ಬಿಡಲು ನಿಶ್ಚಯಿಸಿದರು. ಹತ್ತೊಂಬತ್ತು ಜೀವಗಳು ಹೋದವು.

ಹೊಗೆಯಿದ್ದಲ್ಲಿ ಬೆಂಕಿ ಇರುತ್ತದೆ ಎಂದು ತರ್ಕಶಾಸ್ತ್ರ ಹೇಳುತ್ತದೆ. ಹೊಗೆ ನಿಜ, ಬೆಂಕಿಯೂ ನಿಜ. ಆದರೆ ಉರಿಯುತ್ತಿದ್ದದ್ದು ಪೇಟೆ, ಕೋಟೆಯಲ್ಲ! ಕೋಟೆ ಆಮೇಲೂ ಸುಮಾರು ಒಂದು ತಿಂಗಳು ನಿಂತಿತ್ತು. ಆ ಹುಡುಗರನ್ನು ವೀರರೆಂದು ಹಾಡಿದವರು ಬಹಳ. ನನಗೆ ಮಾತ್ರ, ನಲವತ್ತು ಮಕ್ಕಳ ಮುಂದೆ ದಿನವೂ ನಿಲ್ಲುವವನಿಗೆ, ಅವರು ಸುದ್ದಿ ಖಚಿತವಾಗುವವರೆಗೆ ಕಾಯಬೇಕಿತ್ತು ಎಂದೇ ಹೊಟ್ಟೆ ಉರಿಯುತ್ತದೆ. ಬದುಕುಳಿದ ಒಬ್ಬನ ಹೆಸರು ಈನುಮಾ ಸದಾಕಿಚಿ. ಅವನು ಮುಂದೆ ತಂತಿ ಇಲಾಖೆ ಸೇರಿ ಇಂಜಿನಿಯರ್ ಆದ. ಒಂದೂರಿನ ಸುದ್ದಿ ಇನ್ನೊಂದೂರಿಗೆ ತಪ್ಪಿಲ್ಲದೆ ಮುಟ್ಟಿಸುವ ಕೆಲಸದಲ್ಲೇ ಬಾಳು ಕಳೆದ.

ಅದೇ ಮುತ್ತಿಗೆಯಲ್ಲಿ ಕೋಟೆಯೊಳಗೆ ಹದಿನಾಲ್ಕರ ಹುಡುಗ ಯಾಮಾಕಾವಾ ಕೆಂಜಿರೊ ಇದ್ದ. ಎಂಟು ವರ್ಷದ ತಂಗಿ ಸುತೆಮಾತ್ಸು ಇದ್ದಳು. ಸೋತ ಸಂಸ್ಥಾನದ ಈ ಮಕ್ಕಳು ಏನಾದರು? ಅಣ್ಣ 1871ರಲ್ಲಿ ಅಮೆರಿಕಕ್ಕೆ ಹೋಗಿ ಯೇಲ್‌ನಲ್ಲಿ ಓದಿ ಬಂದು ಜಪಾನಿನ ಮೊದಲ ಭೌತಶಾಸ್ತ್ರ ಪ್ರಾಧ್ಯಾಪಕನಾದ. 1901ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಅಧ್ಯಕ್ಷನಾದ. ತಂಗಿಯೂ ಅದೇ 1871ರಲ್ಲಿ ಸರ್ಕಾರ ಅಮೆರಿಕಕ್ಕೆ ಕಳಿಸಿದ ಐವರು ಬಾಲಕಿಯರಲ್ಲಿ ಒಬ್ಬಳಾಗಿ ಹೋಗಿ 1882ರಲ್ಲಿ ವ್ಯಾಸರ್ ಕಾಲೇಜಿನ ಪದವಿ ಪಡೆದಳು. ಕಾಲೇಜು ಪದವಿ ಪಡೆದ ಮೊದಲ ಜಪಾನಿ ಮಹಿಳೆ ಆಕೆ. ಆಕೆ ಕೈಹಿಡಿದದ್ದು ಒಯಾಮಾ ಇವಾವೊ ಎಂಬ ಸೇನಾನಿಯನ್ನು. ಅವನು ಸತ್ಸುಮಾದವನು, ಐಜು ಕೋಟೆಯನ್ನು ಮುತ್ತಿದ ಪಡೆಯಲ್ಲೇ ಇದ್ದವನು!

ನಾಗಾವೊಕಾದ ಎರಡು ಲೆಕ್ಕ

ಈಗ ನಮ್ಮ ಹುಡುಗ ಆಡುತ್ತಿದ್ದ ನಾಗಾವೊಕಾಗೆ ಬರೋಣ. ಈ ಸಂಸ್ಥಾನದಲ್ಲಿ ಕವಾಯಿ ತ್ಸುಗುನೊಸುಕೆ ಎಂಬ ಬುದ್ಧಿವಂತ ಅಧಿಕಾರಿ ಇದ್ದ. ಒಡೆಯನ ಮನೆಯ ಬೆಲೆಬಾಳುವ ವಸ್ತುಗಳನ್ನು ಮಾರಿ ಹೊಸ ಶಸ್ತ್ರಾಸ್ತ್ರ ಕೊಂಡ. ಅದರಲ್ಲಿ ಎರಡು ಗ್ಯಾಟ್ಲಿಂಗ್ ಬಂದೂಕುಗಳೂ ಇದ್ದವು. ಹಿಡಿಕೆ ತಿರುವಿದರೆ ನಳಿಗೆಗಳು ಸುತ್ತುತ್ತಾ ಒಂದೇ ಸಮನೆ ಗುಂಡು ಹಾರಿಸುವ, ಅಂದಿನ ಕಾಲಕ್ಕೆ ಅದ್ಭುತವೆನಿಸಿದ ಯಂತ್ರ. ಯಾರ ಪಕ್ಷವನ್ನೂ ಸೇರದೆ ನಡುವೆ ನಿಲ್ಲಬೇಕೆಂದು ಕವಾಯಿ ಯತ್ನಿಸಿದ. ಸಂಧಾನ ಮುರಿಯಿತು. 1868ರಲ್ಲಿ ಕೋಟೆ ಬಿತ್ತು; ಮರಳಿ ಗೆದ್ದರು; ಮತ್ತೆ ಕಳೆದುಕೊಂಡರು. ಗಾಯಗೊಂಡ ಕವಾಯಿ ತೀರಿಕೊಂಡ. ಊರು ಬೂದಿಯಾಯಿತು. ಗೆದ್ದವರು 74,000 ಕೊಕು ಆದಾಯದ ಸಂಸ್ಥಾನವನ್ನು 24,000 ಕೊಕುವಿಗೆ ಇಳಿಸಿದರು. ಒಂದು ಕೊಕು ಎಂದರೆ ಒಬ್ಬ ಮನುಷ್ಯನ ಒಂದು ವರ್ಷದ ಅಕ್ಕಿ ಎಂದು ತಿಳಿಯಿರಿ. ಹಸಿವು ಎಷ್ಟೆಂದು ನೀವೇ ಲೆಕ್ಕ ಹಾಕಿ.

1870ರಲ್ಲಿ ನೆಂಟಸ್ತಿಕೆಯ ಸಂಸ್ಥಾನವೊಂದು ಕನಿಕರದಿಂದ ನೂರು ಮೂಟೆ ಅಕ್ಕಿ ಕಳುಹಿಸಿತು. ಹಸಿದ ಸಮುರಾಯಿ ಮನೆಗಳವರು ಪಾಲಿಗೆ ಕಾದರು. ಆಡಳಿತ ನೋಡಿಕೊಳ್ಳುತ್ತಿದ್ದ ಕೊಬಯಾಶಿ ತೊರಾಸಬುರೊ ಒಪ್ಪಲಿಲ್ಲ. ಹಂಚಿದರೆ ಕೆಲವೇ ದಿನಗಳಲ್ಲಿ ತಿಂದು ಮುಗಿಯುತ್ತದೆ. ಮಾರಿ ಶಾಲೆಗೆ ಹಾಕೋಣ ಎಂದ. ಜನ ಸಿಟ್ಟಾದರು. ಆದರೂ ಮಾರಿದರು. ಆ ಹಣ ಶಾಲೆಗೆ ಹೋಯಿತು. ಸಮುರಾಯಿಗಳ ಮಕ್ಕಳಿಗಷ್ಟೇ ಅಲ್ಲ, ರೈತರ, ವ್ಯಾಪಾರಿಗಳ ಮಕ್ಕಳಿಗೂ ಅಲ್ಲಿ ಪ್ರವೇಶವಿತ್ತು.

ಈ ಕೊಬಯಾಶಿ ಓದಿದ್ದು ಸಾಕುಮಾ ಶೋಜಾನ್ ಎಂಬ ವಿದ್ವಾಂಸರ ಬಳಿ. ಅಲ್ಲಿ ಅವನ ಸಹಪಾಠಿ ಚೋಷುವಿನ ಯೊಶಿದಾ ಶೋಯಿನ್; ಮುಂದೆ ಇತೊ ಹಿರೊಬುಮಿಗೆ ಪಾಠ ಹೇಳಿದ ಗುರು. ದೇಶದ ದೊಡ್ಡ ಕೆಲಸಕ್ಕೆ ಶೋಯಿನ್ ಸರಿ, ಆದರೆ ನನ್ನ ಮಗನಿಗೆ ಪಾಠ ಹೇಳಲು ಕೊಬಯಾಶಿಯೇ ಬೇಕು ಎಂದು ಸಾಕುಮಾ ಹೇಳುತ್ತಿದ್ದರಂತೆ. ಬದ್ಧವೈರಿಗಳಾದ ಎರಡು ಸಂಸ್ಥಾನಗಳಲ್ಲಿ ಪಾಠ ಹೇಳಿದವರು ಒಬ್ಬನೇ ಗುರುವಿನ ಶಿಷ್ಯರು!

ಎರಡು ಗ್ಯಾಟ್ಲಿಂಗ್ ಬಂದೂಕು ಒಂದು ಲೆಕ್ಕ, ನೂರು ಮೂಟೆ ಅಕ್ಕಿ ಇನ್ನೊಂದು ಲೆಕ್ಕ. ಆಟದಲ್ಲಿ ಮೊದಲನೆಯದಕ್ಕೆ ಗುಂಡಿ ಇದೆ. ಎರಡನೆಯದಕ್ಕೆ ಇಲ್ಲ.

ಸಿಟ್ಟಿನ ಲೆಕ್ಕವನ್ನು ಆಟ ಸರಿಯಾಗಿಯೇ ಹಾಕಿದೆ. 1871ರಲ್ಲಿ ಸಂಸ್ಥಾನಗಳೇ ರದ್ದಾದವು. 1873ರಲ್ಲಿ ರೈತರ ಮಕ್ಕಳನ್ನೂ ಸೈನ್ಯಕ್ಕೆ ಸೇರಿಸುವ ಕಾನೂನು ಬಂತು. 1876ರಲ್ಲಿ ಸಮುರಾಯಿಗಳ ಕತ್ತಿಯೂ ಹೋಯಿತು, ಅಕ್ಕಿಯ ಸಂಬಳವೂ ಹೋಯಿತು. 1877ರಲ್ಲಿ ದಂಗೆ ಎದ್ದವರು ಯಾರು? ಮುಂಚೆಯೇ ಆಧುನಿಕತೆಯ ದಾರಿ ಹಿಡಿದಿದ್ದ ಸತ್ಸುಮಾದವರೇ, ಸಾಯಿಗೊ ತಕಾಮೊರಿಯ ನೇತೃತ್ವದಲ್ಲಿ. ಅವರನ್ನು ಮಣಿಸಿದ ಸರ್ಕಾರಿ ಸೈನ್ಯದಲ್ಲಿ ದೊಡ್ಡ ಪಾಲು ಆ ಹೊಸ ಕಾನೂನಿನಂತೆ ಸೇರಿದ ಸಾಮಾನ್ಯರ ಮಕ್ಕಳದು. ಹೊಸದನ್ನು ತಂದವರಿಗೂ ಅದರ ಬೆಲೆ ತೆರುವುದು ಸುಲಭವಾಗಿರಲಿಲ್ಲ.

ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ಪ್ರವಾಸ ಮಾಡಿದಾಗ ಕಂಡದ್ದು ಈ ಬಿತ್ತನೆಯ ಬೆಳೆಯನ್ನು. ಅಲ್ಲಿನ ಕೈಗಾರಿಕೆಯ ಜೊತೆಗೆ ಶಿಕ್ಷಣವನ್ನೂ ಗಮನಿಸಿ ಬಂದರು. ಅವರು ದಿವಾನರಾಗಿದ್ದಾಗಲೇ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು.

ನನ್ನ ಬೀರುವಿನ ಕತೆ

ಇಷ್ಟೆಲ್ಲ ಹೇಳಿದವನು ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕು. ಮೂರು ವರ್ಷದ ಹಿಂದೆ ನಾನಿರುವ ಶಾಲೆಗೆ ಹೊಸ ಪ್ರಯೋಗ ಸಾಮಗ್ರಿ ಬಂತು. ಸೂಕ್ಷ್ಮದರ್ಶಕ, ಪಟ್ಟಕ, ಮಸೂರಗಳು, ಗಾಜಿನ ನಳಿಕೆಗಳು. ಮಕ್ಕಳ ಕೈಗೆ ಕೊಟ್ಟರೆ ಒಡೆಯುತ್ತಾರೆ, ತಪಾಸಣೆಗೆ ಬಂದವರಿಗೆ ಉತ್ತರ ಹೇಳಬೇಕಾದವನು ನಾನು ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಪಾಠ ಮುಗಿಸಿದೆ. ದಾಸ್ತಾನು ಪುಸ್ತಕದಲ್ಲಿ ‘ಒಡೆದದ್ದು’ ಎಂಬ ಕಲಂ ಮೂರು ವರ್ಷವೂ ಖಾಲಿ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು!

ಆ ಭಾನುವಾರ ಹುಡುಗನ ಮನೆಯಿಂದ ಹಿಂದಿರುಗುವಾಗ ನಾಚಿಕೆಯಾಯಿತು. ಸಾಗಾದವರು ಕುಲುಮೆ ಕೆಟ್ಟಾಗಲೆಲ್ಲ ಮತ್ತೆ ಕಟ್ಟಿದರು. ನಾನು ಒಂದು ಗಾಜಿನ ಚೂರಿಗೆ ಹೆದರಿದೆ. ಸಾಮಾನು ಬಂದ ಮಾತ್ರಕ್ಕೆ ಶಾಲೆ ಮುಂದುವರಿಯಿತು ಎಂದುಕೊಂಡ ನಾನೂ, ಗುಂಡಿ ಒತ್ತಿ ಕಾರ್ಖಾನೆ ಕಟ್ಟಿದ ಹುಡುಗನೂ ಆಡುತ್ತಿದ್ದದ್ದು ಒಂದೇ ಆಟ.

ಸೋಮವಾರ ಬೀಗ ತೆಗೆದೆ.

ಪೋಷಕರಲ್ಲಿ ಎರಡು ಮಾತು. ಮಕ್ಕಳು ಆಡುವ ಆಟದ ಮುಂದೆ ಒಮ್ಮೆ ನೀವೂ ಕುಳಿತುಕೊಳ್ಳಿ. ಯುದ್ಧದ ದೃಶ್ಯಗಳಿವೆ, ವಯಸ್ಸಿಗೆ ತಕ್ಕುದೇ ಎಂದು ನೀವೇ ನೋಡಿ ತೀರ್ಮಾನಿಸಿ. ಆಡುವುದಾದರೆ ಹೊತ್ತು ಗೊತ್ತುಮಾಡಿ. ‘ಎಷ್ಟು ಗೆದ್ದೆ?’ ಎಂದು ಕೇಳುವ ಬದಲು ‘ಇದು ನಿಜವಾಗಿ ಹೇಗೆ ನಡೆಯಿತು?’ ಎಂದು ಕೇಳಿ. ಉತ್ತರ ಹುಡುಕಲು ಅವರು ಪುಸ್ತಕದ ಬಳಿ ಹೋಗಲೇಬೇಕು. ವಿದ್ಯಾರ್ಥಿಗಳಿಗೆ ಒಂದೇ ಮಾತು: ಪರದೆಯ ಮೇಲೆ ಒಂದು ಕುಲುಮೆ ಕಂಡರೆ ಅದು ಹೇಗೆ ಕೆಲಸ ಮಾಡುತ್ತದೆಂದು ಕಾಗದದ ಮೇಲೆ ಬರೆಯಲು ಯತ್ನಿಸಿ. ಬರೆಯಲಾಗದಿದ್ದರೆ ಆ ಕುಲುಮೆ ಇನ್ನೂ ನಿಮ್ಮದಾಗಿಲ್ಲ.

ಕಿರಾಣಿ ಅಂಗಡಿಯವರು ಕಂಪ್ಯೂಟರ್ ಮಾರಲಿಲ್ಲ. ನೂರು ಮೂಟೆಯ ಕತೆ ಹೇಳಿದಾಗ ವ್ಯಾಪಾರಿಯಾದ ಅವರು ಒಂದು ಕ್ಷಣ ಯೋಚಿಸಿ, ‘ಹಸಿದವರ ಅಕ್ಕಿ ಮಾರೋಕೆ ಗುಂಡಿಗೆ ಬೇಕು ಮೇಷ್ಟ್ರೇ’ ಎಂದರು. ಈಗ ಮನೆಯಲ್ಲಿ ಭಾನುವಾರ ಎರಡು ಗಂಟೆ ಮಾತ್ರ ಆಟ. ಹುಡುಗನ ವಿಷಯದಲ್ಲಿ ಪವಾಡವೇನೂ ನಡೆಯಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಹತ್ತು ಅಂಕ ಹೆಚ್ಚು ಬಂತು, ಅಷ್ಟೇ. ಆದರೆ 1857ರ ಪ್ರಶ್ನೆಗೆ ಒಂದೂವರೆ ಪುಟ ಬರೆದಿದ್ದ.

ಬೀಗ ತೆಗೆದ ಎರಡನೆಯ ವಾರ ಅವನೇ ಒಂದು ಪಟ್ಟಕವನ್ನು ಕೈಜಾರಿ ಬೀಳಿಸಿದ. ಮುಖ ಸಣ್ಣ ಮಾಡಿಕೊಂಡು ಚೂರುಗಳನ್ನು ಕಾಗದದಲ್ಲಿ ತಂದುಕೊಟ್ಟ. ದಾಸ್ತಾನು ಪುಸ್ತಕ ತೆಗೆದು ಆ ಖಾಲಿ ಕಲಮಿನಲ್ಲಿ ಬರೆದೆ: ಪಟ್ಟಕ, ಒಂದು.